ಜೋಕಿಗೆ ಮುಂಚೆ

ನನ್ನನ್ನು ಕೇಳಿದರೆ
ಆ ದೀಪಸ್ತಂಭದ ಸಿನಿಮಾಕ್ಕೆ ಅಷ್ಟೊಂದು ಬಹುಮಾನ ಬರಬಾರದಿತ್ತು.
ಎರಡೂವರೆ ತಾಸು ಒಬ್ಬ ಗಂಡಸು
ಸಮುದ್ರ ನೋಡುತ್ತಾನೆ.
ಹಲ್ ಬಂದರಿನಲ್ಲಿ ಇಪ್ಪತ್ತೇಳು ವರ್ಷ ಮೀನು ಸೀಳಿದವಳು ನಾನು,
ಸಮುದ್ರ ನೋಡುವ ಗಂಡಸರನ್ನು ಬೇಕಾದಷ್ಟು ಕಂಡಿದ್ದೇನೆ;
ಯಾರ ಹಿಂದೆಯೂ ಪಿಟೀಲು ನುಡಿಯುತ್ತಿರಲಿಲ್ಲ.

ಆದರೆ ಅದರಲ್ಲೊಂದು ಕೆಟಲ್ ಬರುತ್ತದೆ.
ಒಲೆಯ ಮೇಲಿಟ್ಟು ಅವನು ಮರೆತುಬಿಡುತ್ತಾನೆ.
ಅದು ಕೂಗುತ್ತದೆ, ಕೂಗುತ್ತದೆ,
ನೀರೆಲ್ಲ ಆರಿ ತಾನೇ ಸುಮ್ಮನಾಗುತ್ತದೆ.
ಅಷ್ಟು ಹೊತ್ತೂ ನಾನು ಕುರ್ಚಿಯ ತುದಿಯಲ್ಲಿದ್ದೆ.
ಕೊಡುವುದಿದ್ದರೆ ಕೆಟಲ್ಲಿಗೆ ಕೊಡಲಿ.

ಯುದ್ಧದವು ನನಗೆ ಬೇಡ.
ಸಾಯುವವರ ಮುಖ ಅಷ್ಟು ಚೊಕ್ಕಟವಿರುವುದಿಲ್ಲ.
ಪತ್ತೇದಾರಿ ಆದೀತು, ತೋಟದ ಮಾಲಿಯ ತಲೆಗೆ ಕಟ್ಟದಿದ್ದರೆ.
ಪ್ರೇಮಕಥೆಯವರು ವಿಮಾನ ನಿಲ್ದಾಣಕ್ಕೆ ಓಡುವಾಗ
ನಾನೆದ್ದು ಚಹಾಕ್ಕಿಡುತ್ತೇನೆ.
ಅಟ್ಟಿಸಿಕೊಂಡು ಹೋಗಿ ಹಿಡಿದದ್ದು ಎಷ್ಟು ದಿನ ನಿಂತೀತು?
ನನ್ನ ಸಿರಿಲ್, ಬಸ್ಸು ತಪ್ಪಿತೆಂದು
ನಮ್ಮ ಬಾಗಿಲಲ್ಲಿ ಛತ್ರಿಯಿಲ್ಲದೆ ನಿಂತವನು,
ಮೂವತ್ತೊಂದು ವರ್ಷ ಕದಲಲಿಲ್ಲ.

ಮೇಲಿನ ಮನೆಯ ಪೋಲೆಂಡಿನ ಹುಡುಗ ವೊಯ್ಟೆಕ್
ಹೊಸ ಹಾಸ್ಯಗಳನ್ನು ಹಚ್ಚಿಕೊಟ್ಟ.
ಒಬ್ಬ ದಂತವೈದ್ಯ, ಗುರುತಿಲ್ಲದವರ ಶವಸಂಸ್ಕಾರಕ್ಕೆ ಹೊಕ್ಕು
ಭಾಷಣ ಮಾಡಿ, ಅತ್ತು, ಕೇಕು ತಿಂದು ಬರುತ್ತಾನೆ.
ಯಾರೂ ನಗುವುದಿಲ್ಲ. ಆಮೇಲೆ ಹೆಸರುಗಳು ಬರುತ್ತವೆ.
"ಇದು ಹಾಸ್ಯವೇನಪ್ಪಾ?"
"ಹಾಸ್ಯವೇ. ಸ್ವಲ್ಪ ನೋಯಬೇಕು, ಎಡ್ನಾ."
ನೋವು ಪುಕ್ಕಟೆ ಸಿಗುವಾಗ ಮಗಾ
ಅದಕ್ಕೆ ತಿಂಗಳ ಬಾಡಿಗೆ ಬೇರೆಯೇ?

ನನಗೆ ಆ ಟೋಪಿ ಅಂಗಡಿಯವರೇ ಸಾಕು.
ಜಗತ್ತೆಲ್ಲ ಟೋಪಿ ಬಿಟ್ಟ ಮೇಲೆ
ಟೋಪಿ ಮಾರಲು ಕೂತ ಅಣ್ಣತಮ್ಮಂದಿರು.
ಬಾಗಿಲು ಹಾಕಿದರೆ ಗೋಡೆಯೇ ಅಲುಗುತ್ತದೆ.
ಹೆಂಡತಿಯರ ಮೇಲಿನ ಜೋಕುಗಳು ಆಗಲೇ ಹಳಸಲು.
ನೋಡುತ್ತೇನೆ. ನೋಡಲಿಕ್ಕಲ್ಲ, ಕೇಳಲಿಕ್ಕೆ.

ಎಪ್ಪತ್ತಮೂರರಲ್ಲಿ, ಮೀನಿನ ಕಾರ್ಖಾನೆಯ ಕೋಚಿನಲ್ಲಿ
ನಾನೂ ತಂಗಿ ಮ್ಯೂರಿಯಲ್ಲೂ ಮ್ಯಾಂಚೆಸ್ಟರಿಗೆ ಹೋಗಿ
ಆ ಸ್ಟುಡಿಯೋದ ಬೆಂಚಿನ ಮೇಲೆ ಕೂತು ನಕ್ಕು ಬಂದೆವು.
ಆ ನಗು ಇನ್ನೂ ಇದೆ.
ಸಾಲಿನಲ್ಲಿ ಒಂದು ಮಾತ್ರ ಮುಂಚೆ ಹಾರುತ್ತದೆ,
ಜೋಕು ಇನ್ನೂ ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿರುವಾಗಲೇ.
ಅದು ಮ್ಯೂರಿಯಲ್.
ಚಿಕ್ಕಂದಿನಿಂದಲೂ ಹಾಗೇ, ಕಾಯಲು ಆಗುತ್ತಿರಲಿಲ್ಲ.

ಅದೇ ಕಂತಿನಲ್ಲಿ ಒಬ್ಬ ಗಿರಾಕಿ ಬಂದ,
ಪಾಕಿಸ್ತಾನದವನು, ಅಂದರೆ
ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ನಮ್ಮವನೇ.
ತಲೆ ಅಲ್ಲಾಡಿಸಿದ. ಸಭೆ ಬಿದ್ದುಬಿದ್ದು ನಕ್ಕಿತು.
ಎಲ್ಲರಿಗಿಂತ ಜೋರು ನಾನು.
ಮರುಪ್ರಸಾರದಲ್ಲಿ ನನ್ನ ದನಿ ನಾನೇ ಗುರುತಿಸಿದೆ,
ಕದ್ದ ಕೊಡೆ ಬೀದಿಯಲ್ಲಿ ಎದುರಾದಂತೆ.
ನನ್ನ ಪಕ್ಕದಲ್ಲಿ, ಅವಳ ಜಾಗದಲ್ಲಿ,
ಏನೂ ಇರಲಿಲ್ಲ.

ವಾಪಸಾಗುವಾಗ ಕೋಚಿನಲ್ಲಿ ಜಗಳ.
ಸಂಜೆ ಹಾಳು ಮಾಡಿದೆ ಎಂದೆ.
ಅವಳು ಕಿಟಕಿಯ ಕಡೆ ತಿರುಗಿ ಕೂತಳು.
ಬ್ರಾಡ್‌ಫರ್ಡಿನ ಗಿರಣಿಯಲ್ಲಿ ರಾತ್ರಿ ಪಾಳಿಯ ಬಶಾರತ್
ಬೆಳಗ್ಗೆ ಹೊರಡುವ ಮುನ್ನ
ಅವಳ ಮಗ್ಗ ಒರೆಸಿಟ್ಟು ಹೋಗುತ್ತಿದ್ದನಂತೆ.
ಇದು ನನಗೆ ಗೊತ್ತಾದದ್ದು ಅವಳನ್ನು ಮಣ್ಣು ಮಾಡಿದ ದಿನ,
ಸ್ಯಾಂಡ್‌ವಿಚ್ ಹಂಚುವಾಗ, ಮುದುಕ ಬಶಾರತ್‌ನ ಬಾಯಿಂದಲೇ.

ಈಗ ಆ ದೃಶ್ಯ ಕತ್ತರಿಸಿದ್ದಾರೆ.
ಒಳ್ಳೆಯದೇ. ನನ್ನ ನಗು ಹೋಯಿತು, ಹೋಗಲಿ,
ಅದು ಹೋಗಬೇಕಾದದ್ದೇ.
ಆದರೆ ಅದರ ಜೊತೆಗೆ
ಮ್ಯೂರಿಯಲ್ ನಗದೆ ಕೂತ ಆ ಒಂಬತ್ತು ಸೆಕೆಂಡೂ ಹೋದವು.
ಇಡೀ ಧಾರಾವಾಹಿಯಲ್ಲಿ
ನನ್ನ ಅಭಿಪ್ರಾಯ ಕೇಳಿದರೆ
ಅಷ್ಟು ಚೆನ್ನಾದದ್ದು ಬೇರೆ ಇರಲಿಲ್ಲ.

ವೊಯ್ಟೆಕ್, ಆ ಶಬ್ದ ಸ್ವಲ್ಪ ಜಾಸ್ತಿ ಮಾಡು.
ಈಗ ತಮ್ಮ ಟೋಪಿಯ ಡಬ್ಬ ತೆರೆಯುತ್ತಾನೆ.
ಇನ್ನೂ ತೆರೆದಿಲ್ಲ,
ತಾಳು.