ಪುಟ್ಟ ಕಿವಿಗಳು

ನಾಲ್ಕು ದಿನದ ವಿಚಾರ ಸಂಕಿರಣ. ಈವರೆಗೆ ಮೂರು ಮಧ್ಯಾಹ್ನ,
ಮೂರಕ್ಕೂ ಬಿಸಿಬೇಳೆಭಾತು, ಮೇಲೊಂದು ಮುಷ್ಟಿ ಬೂಂದಿ.
ಗೋಧಿಗೆ ಬರುವ ಭಂಡಾರ ರೋಗದ ಬಗ್ಗೆ ನೂರಿಪ್ಪತ್ತು ಜನ ಮಾತಾಡಿದೆವು,
ತಾಟಿನಲ್ಲಿ ಗೋಧಿಯ ಒಂದು ಕಾಳೂ ಇರಲಿಲ್ಲ.

"ಪಾಸ್ತಾ ತಿನ್ನೋಣು" ಅಂದವರು ಪ್ರೊಫೆಸರ್ ಕುಪ್ಪೇಲೂರ.
ಎಪ್ಪತ್ತಕ್ಕೆ ಎರಡು ಕಡಿಮೆ, ಹಲ್ಲು ಮಾತ್ರ ಹೊಸವು.
ಒಮ್ಮೆ ಬೊಲೊನ್ಯಾದಲ್ಲಿ ಹನ್ನೊಂದು ದಿನ ಇದ್ದು ಬಂದವರು,
ಆ ಹನ್ನೊಂದು ದಿನಗಳನ್ನು
ಮೂವತ್ತು ವರ್ಷದಿಂದ ಖರ್ಚು ಮಾಡುತ್ತಿದ್ದಾರೆ.

ಮೊದಲನೆಯದು ದೇವರಾಜ ಅರಸು ರಸ್ತೆಯಲ್ಲಿ, ಮಹಡಿ ಮೇಲೆ:
ಕೆಚಪ್ಪಿನ ಕೆರೆ, ಅದರಲ್ಲಿ ಮುಳುಗಿದ ಕೊಳವೆಗಳು, ದಡದಲ್ಲಿ ಕ್ಯಾಬೇಜು.
ಪ್ರೊಫೆಸರು ಚಮಚ ಇಟ್ಟು ಕೈ ಮುಗಿದರು.
ಎರಡನೆಯದು ಯಾದವಗಿರಿಯಲ್ಲಿ, ಬಾಗಿಲು ಮುಚ್ಚಿತ್ತು;
ಬೋರ್ಡಿನ ಮೇಲಿನ ಇಟಲಿಯ ಬೂಟಿಗೆ ಯಾರೋ ಸುಣ್ಣ ಒರೆಸಿದ್ದರು.

ಆಟೋದ ನಿಂಗರಾಜು ಕನ್ನಡಿಯಲ್ಲೇ ನಕ್ಕ:
"ಮೊದ್ಲೇ ಕೇಳಬಾರ್ದಾ ಮೇಡಂ? ಗೋಕುಲಂಗೆ ನಡೀರಿ.
ಯೋಗ ಕಲಿಯಕ್ ಬಂದೋರು ಬೆಳಿಗ್ಗೆ ತಲೆ ಕೆಳಗ್ ಮಾಡ್ಕೊಂಡ್ ನಿಂತಿರ್ತಾರೆ,
ಸಂಜೆ ಹೊಟ್ಟೆ ಸುಮ್ನಿರ್ತದಾ?"

ಹಳೆಯ ಮನೆಯ ಕಾರು ಶೆಡ್ಡು, ನಾಲ್ಕು ಮೇಜು.
ಕರೆಂಟು ಹೋಗಿ ಬಂತು. ತಟ್ಟೆಯೂ ಬಂತು.
ಕಡಲೆಗಿಂತ ದೊಡ್ಡವು, ನಡುವೆ ಹೆಬ್ಬೆರಳಿನ ಗುಳಿ,
ಬೆಳ್ಳುಳ್ಳಿ, ಎಣ್ಣೆ, ತುಸು ಕಹಿ ಸೊಪ್ಪು
(ಯಾವುದೆಂದು ಪ್ರೊಫೆಸರಿಗೆ ತಿಳಿಯಲಿಲ್ಲ; ನುಗ್ಗೆ).
"ಒರೆಕ್ಕಿಯೆತ್ತೆ" ಅಂದರು ಕಣ್ಣು ಮುಚ್ಚಿ, "ಅಂದರ, ಪುಟ್ಟ ಕಿವಿಗಳು."

ನನಗೆ ಕೇಳಿದ್ದು ಬೇರೆ.
ಅಣ್ಣಿಗೇರಿಯ ಪಡಸಾಲೆ, ಮದುವೆಗೆ ತಿಂಗಳು ಮೊದಲು,
ಮಣಿಯ ಮೇಲೆ ನಾದಿದ ಹಿಟ್ಟು, ಸುತ್ತ ಹೆಂಗಸರು:
ಪರಡಿ, ಮಾಲತಿ, ಸವತಿಬೀಜ, ಗೌಲಿ.
ಗೌಲಿಗೆ ಹೊಸ ಹಣಿಗೆಯ ಗೆರೆ ಮೂಡಬೇಕು,
ಮೂಡದಿದ್ದರೆ ಸೋದರತ್ತಿ ಗಂಗವ್ವ ಚಿವುಟುವಳು:
"ಹಿಂಗ ಮಾಡಿದರ ಗಂಡಿನ ಕಡಿಯವರು ನಗತಾರ."

ಅಡುಗೆಮನೆಗೆ ಇಣುಕಿದೆ. ಇಟಲಿಯವರು ಯಾರೂ ಇರಲಿಲ್ಲ.
ಕೆ.ಎಂ. ದೊಡ್ಡಿ ಕಡೆಯ ಚಿಕ್ಕತಾಯಮ್ಮ, ಮೊಣಕೈವರೆಗೆ ಹಿಟ್ಟು.
ಕಲಿಸಿದಾಕೆ ತನ್ನ ಊರಿಗೆ ಹೋಗಿ ಆರು ವರ್ಷವಾಯಿತಂತೆ.
"ಒಂದಿನ ರಾಗಿ ಬೆರೆಸ್ಬುಟ್ಟಿದ್ದೆ. ಓನರ್‌ಗೆ ಹೇಳ್ನಿಲ್ಲ.
ಆ ಬೆಳ್ಳಗಿನ್ ಹುಡುಗ್ರು ಎಲ್ಡೆಲ್ಡು ತಟ್ಟೆ ತಿಂದ್ವು."

ನನ್ನ ಕೈಗೂ ಒಂದುಂಡೆ ಕೊಟ್ಟಳು. ಹೆಬ್ಬೆರಳು ಮರೆತಿರಲಿಲ್ಲ;
ಹಣಿಗೆ ಇಲ್ಲದೆ ಫೋರ್ಕಿನ ಬೆನ್ನ ಮೇಲೆ ಎಳೆದೆ.
ಅವಳು ಬೆಳಕಿಗೆ ಹಿಡಿದು ನೋಡಿದಳು. "ಇದ್ಕೇನಂತೀರಿ?"
ಗೌಲಿ, ಅಂದೆ.
ಕುದಿಯುವ ನೀರಿಗೆ ಹಾಕಿದಳು, ಕಿವಿಗಳ ಜೊತೆಗೇ.

ನಾಳೆ ಒಂಬತ್ತೂ ನಲವತ್ತಕ್ಕೆ ನನ್ನ ಪ್ರಬಂಧ.
ಕೊರಳ ಬ್ಯಾಡ್ಜಿನಲ್ಲಿ ಹಿಟ್ಟಿನ ಬೆರಳಚ್ಚು, ಸರಿಯಾಗಿ ಹೆಸರಿನ ಮೇಲೆ.
ಹೊರಗೆ ಪ್ರೊಫೆಸರು ನಿಂಗರಾಜುಗೆ ಬೊಲೊನ್ಯಾ ಹೇಳುತ್ತಿದ್ದರು,
ಅವನು ನನ್ನ ಕಡೆ ತಿರುಗಿದ:
"ವೇಟಿಂಗ್ ಚಾರ್ಜ್ ಹಾಕ್ಲಾ ಮೇಡಂ,
ಇಲ್ಲಾ ನಂಗೂ ಒಂದ್ ತಟ್ಟೆ ಹೇಳ್ತೀರಾ?"