ಬೆನ್ನಿಗೆ ಮಂಡಗದ್ದೆ

ವೇಬಿಲ್ಲಿನ ಹಿಂಬದಿಗೆ ಗೆರೆ ಎಳೆದು, ಮನೆಮನೆ ಮಾಡಿ,
ಮಗಳ ಬಣ್ಣದ ಪೆನ್ಸಿಲ್ಲಲ್ಲಿ
ಮೊದಲು ತುಂಗೆಯನ್ನು ತುಂಬಿಸಿದೆ.
ಅಂಚಿನಿಂದ ಹನ್ನೆರಡು ಸಾಲು ನೀಲಿ, ಗಾಜನೂರಿನ ನೀರು.
ಅದರ ಮೇಲೆ ಸಕ್ರೆಬೈಲು: ಬೂದಿ ಬಣ್ಣದ ಆನೆ, ಏಳು.
ಆಮೇಲೆ ಕಾಡು, ಎರಡು ಹಸಿರಲ್ಲಿ.
ಭುಜದ ಹತ್ತಿರ ಮಂಡಗದ್ದೆ, ಬೆಳ್ಳಕ್ಕಿ ಕೂತ ಮರಗಳು.
ತೀರ್ಥಹಳ್ಳಿ ಬರೆಯೋಣವೆಂದರೆ
ಅಷ್ಟರಲ್ಲಿ ಕುತ್ತಿಗೆ ಬಂದುಬಿಟ್ಟಿತ್ತು.

ಶಿವಮೊಗ್ಗ ಬಿಡುವುದು ಬೆಳಗಿನ ಜಾವ ಐದೂವರೆಗೆ.
ಡ್ರೈವರ್ ಟೀಕಪ್ಪನ ಬಲಗಡೆಯ ಗಾಜು
ಹೋದ ಮಾಗಿಯಿಂದ ಅರ್ಧಕ್ಕೇ ನಿಂತಿದೆ.
ಬರೆದುಕೊಟ್ಟದ್ದು ಮೂರು ಸಲ,
ಬಂದದ್ದು ಒಂದು ರಟ್ಟು.
ಅವನ ಕೆಮ್ಮು ನನಗೆ ಸ್ಟಾಪುಗಳ ಹಾಗೆ ಬಾಯಿಪಾಠ.
ಅದಕ್ಕೇ ಈ ಉಣ್ಣೆ. ಡಿಪೋದಲ್ಲಿ ಮಾತಾಡುವವರು
ಟಿಕೆಟ್ ತಗೊಂಡು ಮಾತಾಡಲಿ.

ಗಾಂಧಿ ಬಜಾರಿನ ಇನಾಯತ್ ಸಾಬರು ಹೇಳಿದ್ದರು:
‘ನೀಲಿ ಆರು ಉಂಡೆ ಈಗಲೇ ಒಯ್ಯಮ್ಮ.
ಮುಂದಿನ ಲಾಟಿನದು ಇದರ ತಂಗಿ, ಇದೇ ಅಲ್ಲ.’
ನಾನು ನಾಲ್ಕೇ ಕೊಂಡೆ. ಸಂಬಳಕ್ಕೆ ಇನ್ನೂ ಎಂಟು ದಿನ.
ಹಾಗಾಗಿ ಎಡತೋಳಿನ ತುಂಗೆ
ಬಲತೋಳಿನ ತುಂಗೆಗಿಂತ ಒಂದು ಬಣ್ಣ ಕಪ್ಪು.
ಇರಲಿ, ಆ ಕಡೆ ಮೋಡ.

ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ನಲವತ್ತು ನಿಮಿಷ ಬಿಡುವು,
ಹಿಂದಿನ ಸೀಟು, ಹತ್ತನೇ ನಂಬರಿನ ಕಡ್ಡಿ.
ಕಾಗದದ ಮೇಲೆ ಆನೆ ಆನೆಯಾಗಿಯೇ ಇತ್ತು,
ಕಡ್ಡಿಯಿಂದ ಇಳಿದಾಗ ಹಂದಿ.
ಕಾಗದದ ಮನೆ ಚೌಕ;
ಉಣ್ಣೆಯ ಕುಣಿಕೆ ಅಗಲ ಜಾಸ್ತಿ, ಎತ್ತರ ಕಮ್ಮಿ.
ಇದು ತಲೆಗೆ ಹೋಗುವಷ್ಟರಲ್ಲಿ
ಏಳೂ ಹಂದಿ ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದವು.
ಬಿಚ್ಚಿದೆ.
ಬಿಚ್ಚಿದ ಎಳೆ ನೆಟ್ಟಗಾಗಲಿಲ್ಲ, ಜಡೆ ಬಿಚ್ಚಿದ ಕೂದಲಂತೆ
ಮಡಿಲಲ್ಲಿ ಗುಂಗುರು ಗುಂಗುರು.
ಮತ್ತೆ ಹಾಕುವಾಗ ಕಾಲು ಮೂರು ಸಾಲು ಉದ್ದ ಕೊಟ್ಟೆ.

ಒಳಮೈ ನೋಡಬೇಕು ನೀವು.
ಹೊರಗೆ ಹಸಿರು ಕೆಲಸ ಮಾಡುವಾಗ ಬಿಳಿ
ಹಿಂದೆ ಸುಮ್ಮನೆ ಜೋತುಕೊಂಡು ಬರುತ್ತದೆ,
ಸೀಟು ಸಿಗದವರ ಹಾಗೆ,
ತನ್ನ ಸ್ಟಾಪಿಗೆ ಕಾಯುತ್ತ.
ಬಿಗಿ ಹಿಡಿದರೆ ಮುಂದಿನ ಕಾಡು ಸುಕ್ಕು.
ಸಡಿಲ ಬಿಟ್ಟರೆ ತೊಡುವಾಗ ಬೆರಳು ಸಿಕ್ಕು.
ಹದ ಯಾರೂ ಹೇಳಿಕೊಡಲಿಲ್ಲ. ಕತ್ತಲಲ್ಲಿ
ಎಂಟಾಣೆ ರೂಪಾಯಿ ಬೇರೆ ಮಾಡಲು ಕಲಿತ ಬೆರಳು
ಅದನ್ನೂ ಕಲಿತುಕೊಂಡಿತು.

ಬೆನ್ನು ಮುಗಿಯುವಾಗಲೇ ಬಿಳಿ ಮುಗಿಯಿತು.
ಎದೆಗೆ ಬರೀ ಕಾಡು.
ಟೀಕಪ್ಪ ತಿರುಗಿಸಿ ಮುರುಗಿಸಿ ನೋಡಿ,
‘ಹಕ್ಕಿ ಎಲ್ಲಾ ಬೆನ್ನಿಗೇ ಹಾಕಿದೀಯಲ್ಲ ಮಾರಾಯ್ತಿ,
ನಾ ಹೆಂಗೆ ನೋಡ್ಲಿ?’
‘ಇಪ್ಪತ್ತೆರಡು ವರ್ಷ ಇದೇ ರೂಟು. ಯಾವತ್ತಾದ್ರೂ ನೋಡಿದೀಯಾ?’
ಸ್ವಲ್ಪ ಹೊತ್ತು ಯೋಚಿಸಿದ.
‘ರಸ್ತೆ ನೋಡ್ದೆ’ ಅಂದ.

ಗೇಟಿನಲ್ಲಿ ಖಾಕಿಯೇ ಕಾಣಬೇಕು.
ಊರ ದೀಪಗಳು ಮುಗಿದ ಮೇಲೆ ಗಾಡಿ ಬದಿಗೆ ಹಾಕಿ ತೊಡುತ್ತಾನೆ.
ಆನೆಗಳು ಸೀಟಿನ ರೆಗ್ಜಿನ್ನಿಗೆ ಒರಗಿ ಕಾಣೆ.
ಮೇಲೆ ಉಳಿಯುವುದು ಹಕ್ಕಿ ಮಾತ್ರ.

ನಿನ್ನೆ ಬಾನೆಟ್ ಪಕ್ಕದಲ್ಲಿ ಒಬ್ಬ ತಾಯಿ, ಒಂದು ಹುಡುಗಿ.
ಮಂಡಗದ್ದೆ ಬಂದದ್ದೇ ತಾಯಿ ಕಿಟಕಿ ಒರೆಸಿ
‘ಅಲ್ನೋಡು, ಹಕ್ಕಿ’ ಎಂದಳು.
ಹೊಳೆಯ ಮೇಲೆ ಮಂಜು, ನಡುಗಡ್ಡೆಯ ಮರಗಳು ಖಾಲಿ.
ಮಳೆಗಾಲದಲ್ಲಿ ಬಂದವು
ಮರಿಗಳನ್ನು ಹಾರಿಸಿಕೊಂಡು ಹೋಗಿ ತಿಂಗಳಾಯಿತು.
ಸ್ವೆಟರಿನ ಕಾಲದಲ್ಲಿ ಅಲ್ಲಿ ಹಕ್ಕಿ ಇರುವುದಿಲ್ಲ.
ಹುಡುಗಿ ಒಳಗೆ ತಿರುಗಿದಳು.
ಬೆರಳು ಚಾಚಿ, ಮುಟ್ಟದೆ, ಎಣಿಸಿದಳು.
‘ಹದಿನೇಳು.’

ನಾನು ಹಾಕಿದ್ದು ಹದಿನಾರು.
ಕನ್ನಡಿಯಲ್ಲಿ ಟೀಕಪ್ಪ ನನ್ನನ್ನು ನೋಡಿದ,
ಎಷ್ಟು ಎಂಬಂತೆ.
ಬಾಕಿ ಚಿಲ್ಲರೆ ಮುಷ್ಟಿಯಲ್ಲೇ ಹಿಡಿದು ಮುಂದೆ ಹೋದೆ.
ಎಡಭುಜದಲ್ಲಿ, ಹಸಿರಿರಬೇಕಾದ ಕಡೆ,
ಒಂದೇ ಒಂದು ಕುಣಿಕೆ ಬಿಳಿ.
ತಪ್ಪಿದ್ದು ಯಾವ ಟ್ರಿಪ್ಪಿನಲ್ಲೋ.
ಎರಡನೇ ಸಲ ಎಣಿಸುವಷ್ಟರಲ್ಲಿ
ಹಿಂದಿನಿಂದ ಯಾರೋ ತಗಡು ತಟ್ಟಿದರು.
ತೂದೂರು, ಯಾರ್ರೀ ತೂದೂರು,
ಇಳ್ಕೊಳ್ಳಿ ಬೇಗ.