ತಲಾ ಮೂರು ನಿಮಿಷ

ಮಂಗಳವಾರ, ಸಂಜೆ ಏಳು. ಅಗ್ನಿಶಾಮಕ ಠಾಣೆಯ ನೆಲಮಾಳಿಗೆ.
ನಲವತ್ತು ಕುರ್ಚಿ ಹಾಕಿಸಿದ್ದೆ, ಸಾಲಲಿಲ್ಲ.
ಮೆಟ್ಟಿಲ ಮೇಲೂ ಜನ, ಕೋಟು ಬಿಚ್ಚದೆ.
ಬೂಟಿನ ಹಿಮ ಕರಗಿ ಸಿಮೆಂಟಿನ ಮೇಲೆ ಹರಿದು
ಮೇಯರರ ಮೇಜಿನತ್ತಲೇ ಹೊರಟಿತ್ತು,
ಅದಕ್ಕೂ ಏನೋ ದೂರಿದ್ದಂತೆ.

ನಾನು ಬೆಲ್ಲಮಿ ಕ್ರಾಸಿಂಗಿನ ಗುಮಾಸ್ತೆ.
ಇಪ್ಪತ್ತೆರಡು ವರ್ಷದಿಂದ ಈ ಊರು ಆಡಿದ್ದನ್ನು
ನಡಾವಳಿ ಪುಸ್ತಕಕ್ಕೆ ಇಳಿಸುವವಳು.
ಬರೆಯುವುದೆಂದರೆ ಮುಕ್ಕಾಲು ಪಾಲು ಬಿಡುವುದು:
ಕೆಮ್ಮು ಬಿಡಬೇಕು, ಬೈಗುಳ ಬಿಡಬೇಕು,
'ನಿಮ್ಮಪ್ಪ ಹೀಗಿರಲಿಲ್ಲ' ಎಂದದ್ದನ್ನಂತೂ
ಬಿಡಲೇಬೇಕು.

ಇವತ್ತು ಎರಡು ವಿಷಯ.
ಸಭೆಯ ಮೊದಲಿಗೆ ಪ್ರಾರ್ಥನೆ ಇರಬೇಕೆ, ಬೇಡವೆ;
ರಾಜಧಾನಿಯಿಂದ ವಕೀಲರೊಬ್ಬರ ಕಾಗದ ಬಂದಿದೆ.
ಗಾಜಿನ ಕಾರ್ಖಾನೆ ಇದ್ದ ಹನ್ನೊಂದು ಎಕರೆ
ಗೋದಾಮಿನ ಕಂಪನಿಗೆ, ಹತ್ತು ವರ್ಷ ತೆರಿಗೆ ಮಾಫಿ.
'ಬೇರೆ ಬೇರೆಯಾಗಿ ಚರ್ಚಿಸತಕ್ಕದ್ದು' ಎಂದು ಟೈಪು ಮಾಡಿದ್ದೆ.
ಜನ ಕೇಳಬೇಕಲ್ಲ.

ತಲಾ ಮೂರು ನಿಮಿಷ. ಟೈಮರು ನನ್ನದೇ,
ಮೊಟ್ಟೆ ಬೇಯಿಸಲು ಇಟ್ಟುಕೊಂಡದ್ದು, ಮನೆಯಿಂದ ತಂದೆ:
ಹುಂಜದ ಆಕಾರ, ಕೊಕ್ಕು ಮುರಿದಿದೆ.

ಮೊದಲು ಎದ್ದವನು ಡ್ವೈಟ್ ಪಾರ್ಸ್‌ಲೋ, ಕೊಳಾಯಿ ರಿಪೇರಿಯವ:
'ನಮ್ಮಜ್ಜ ಇದೇ ಕೋಣೆಯಲ್ಲಿ ಟೋಪಿ ತೆಗೆದು ನಿಂತಿದ್ದ.
ಒಂದು ಕಾಗದ ಬಂತೆಂದು ನಾವು ಬಾಯಿ ಹೊಲಿದುಕೊಳ್ಳುವುದೆ?'
ಚಪ್ಪಾಳೆ.
ಬರೆದೆ: ಶ್ರೀ ಪಾರ್ಸ್‌ಲೋ, ಪರ.

ಆಮೇಲೆ ಬ್ರೆಡ್ಡಿನಂಗಡಿಯ ಸೆನಾದಾ ಚೆಹಿಚ್.
ಬೋಸ್ನಿಯಾ ಬಿಟ್ಟು ಬಂದು ಇಪ್ಪತ್ತೈದು ವರ್ಷ,
ಮುಂಗೈಯಲ್ಲಿ ಇನ್ನೂ ಹಿಟ್ಟು:
'ನೀವು ತಲೆ ಬಗ್ಗಿಸಿದಾಗಲೆಲ್ಲ ನಾನೂ ಬಗ್ಗಿಸಿದೆ.
ಒಳಗೊಳಗೆ ನನ್ನದನ್ನು ಹೇಳಿಕೊಂಡೆ. ಯಾರ ತಂಟೆಯೂ ಇಲ್ಲ.
ಒಂದು ದಿನ ಮಗ ಕೇಳಿದ:
ಅಮ್ಮಾ, ತಲೆ ಎತ್ತಿಕೊಂಡೇ ಇದ್ದರೆ ನಮ್ಮ ಲೈಸೆನ್ಸು ತಡವಾಗುತ್ತದೆಯೇ?
ಇಲ್ಲಪ್ಪ ಅಂದೆ.
ಅಂದ ಮೇಲೆ, ನನಗೇನು ಗೊತ್ತು ಅನ್ನಿಸಿತು.'
ಯಾರೂ ಚಪ್ಪಾಳೆ ತಟ್ಟಲಿಲ್ಲ, ಬೈಯಲೂ ಇಲ್ಲ.
ಡ್ವೈಟ್ ತನ್ನ ಟೋಪಿಯ ಅಂಚು ತಿರುಗಿಸುತ್ತ ಕೂತ.
ಬರೆದೆ: ಶ್ರೀಮತಿ ಚೆಹಿಚ್, ಆತಂಕ.

ಕಂಪನಿಯ ಹುಡುಗ ಪರದೆ ಇಳಿಸಿ ಬಣ್ಣದ ಚಿತ್ರ ತೋರಿಸಿದ.
ನೂರ ನಲವತ್ತು ಕೆಲಸ. ಒತ್ತಿ ಕೇಳಿದರೆ ನಲವತ್ತು,
ಉಳಿದದ್ದು ಹಂತ ಹಂತವಾಗಿ.
ಚಿತ್ರದಲ್ಲಿ ಮರಗಳು, ನಗುವ ತಾಯಿ, ಕೆಂಪು ಬಲೂನು.
'ಗೋದಾಮಿಗೆ ಯಾರಯ್ಯ ಬಲೂನು ತರುತ್ತಾರೆ?'
ಮೆಟ್ಟಿಲ ಮೇಲಿಂದ ನಗು ಉರುಳಿ ಬಂತು.

ಕೊನೆಗೆ ಆರ್ಡಿತ್ ಕೊಲ್ವಿನ್. ಎಂಬತ್ತೊಂದು.
ಗಾಜಿನ ಕುಲುಮೆಯೆದುರು ಮೂವತ್ತು ವರ್ಷ ನಿಂತು
ಹುಬ್ಬಿಲ್ಲದೆ ಉಳಿದ ಮುಖ.
'ನನ್ನ ಮೂರು ನಿಮಿಷ ನನ್ನದು ತಾನೆ?'
ಮೇಯರರು ತಮ್ಮ ವಕೀಲರತ್ತ ನೋಡಿದರು,
ವಕೀಲರು ಸೂರು ನೋಡಿದರು.
ಅವಳು ಕಣ್ಣು ಮುಚ್ಚಲಿಲ್ಲ. ಮೇಯರರನ್ನೇ ದಿಟ್ಟಿಸಿ ಶುರುಮಾಡಿದಳು:

'ತಂದೆಯೇ,
ಟ್ಯಾನರ್ ಬೀದಿಯ ಚರಂಡಿ ಮಾರ್ಚಿನಲ್ಲಿ ಉಕ್ಕುತ್ತದೆ,
ನಿನಗೆ ಗೊತ್ತು, ಇವರಿಗೆ ಮರೆತಿದೆ.
ಹನ್ನೊಂದು ಎಕರೆಗೆ ಕಾಂಕ್ರೀಟು ಹಾಸಿದರೆ
ಆ ನೀರು ಯಾರ ಅಡುಗೆಮನೆಗೆ ಬರುತ್ತದೆ, ತಿಳಿಸಿಕೊಡು.
ಲಾರಿಗಳು ಶಾಲೆಯ ದಾರಿಯಲ್ಲೇ ಹಾಯಬೇಕೆ, ಕೇಳು.
ಸೆನಾದಾಳ ಒಲೆ ಆರದಿರಲಿ,
ಅವಳು ನಿನ್ನನ್ನು ಏನಂತ ಕರೆದರೂ.
ಡ್ವೈಟನ ಮಗನಿಗೆ ಕೆಲಸ ಸಿಗಲಿ,
ಬಲೂನು ಇಲ್ಲದಿದ್ದರೂ ಚಿಂತೆಯಿಲ್ಲ.
ಕಾರ್ಖಾನೆ ಮುಚ್ಚಿದ ವಾರವೂ ಇಲ್ಲಿ ಪ್ರಾರ್ಥನೆ ಆಗಿತ್ತು,
ಚೆನ್ನಾಗಿಯೇ ಆಗಿತ್ತು.
ಪಾಪ, ನೀನೊಬ್ಬನೇ ಎಷ್ಟಂತ ನೋಡಿಕೊಳ್ಳುತ್ತೀ.
ಅದಕ್ಕೇ ಅಲ್ಲವೆ ಇವರಿಗೆ ಸಂಬಳ ಕೊಡುವುದು—'

ಹುಂಜ ಕೂಗಿತು.

'ಆಮೆನ್' ಎಂದು ಯಾರೋ ಅಂದರು, ಅರ್ಧ.
ಇನ್ನರ್ಧ ಯಾರ ಗಂಟಲಲ್ಲಿ ಉಳಿಯಿತೋ.

ಎರಡೂ ವಿಷಯ ಮುಂದಿನ ತಿಂಗಳಿಗೆ.

ಪುಸ್ತಕ ನೋಡಿದರೆ, ನನ್ನ ಕೈ
'ತಂದೆಯೇ' ಎಂದೇ ಬರೆದುಬಿಟ್ಟಿದೆ.
ಹೊಡೆದುಹಾಕಿದರೆ ಉಳಿಯುವುದು ಚರಂಡಿಯ ಅರ್ಜಿ;
ಬಿಟ್ಟರೆ ರಾಜಧಾನಿಯಿಂದ ಇನ್ನೊಂದು ಕಾಗದ.
ಬಿನ್ನಹ ಎಂದು ಮೇಲೆ ಬರೆದೆ. ಎರಡು ಕಡೆಗೂ ಸಲ್ಲುವ ಮಾತು.

ಕುರ್ಚಿ ಮಡಚಲು ಡ್ವೈಟ್ ಉಳಿದ, ಸೆನಾದಾಳ ಮಗ ಉಳಿದ.
ಒಬ್ಬರಿಗೊಬ್ಬರು ಮಾತಾಡಲಿಲ್ಲ. ಕುರ್ಚಿ ದಾಟಿಸಿಕೊಂಡರು.

ಹಿಮದ ನೀರು ಮೇಯರರ ಮೇಜಿನ ಕಾಲಿಗೆ ಮುಟ್ಟಿತ್ತು.
ಬಟ್ಟೆ ತಂದೆ.